ಮೀಸೆಗೆ ಬಣ್ಣ ಹಚ್ಚಿದವನು ಕಳ್ಳನೇ?

ಹೋದ ವಾರ ಗಡಹಿಂಗ್ಲಜದ ಪೇಟೆಯಲ್ಲಿ, ಗಿರಾಕಿಗಳು ತುಂಬಿದ ಬಟ್ಟೆ ಅಂಗಡಿಯಲ್ಲಿ, ನನ್ನ ಫೋನ್ ನನ್ನನ್ನೇ ಕಳ್ಳ ಎಂದಿತು.

ಬಾಯಿ ಬಿಟ್ಟು ಹೇಳಲಿಲ್ಲ ಬಿಡಿ. ಒಮ್ಮೆ ಗುರ್ ಎಂದು ನಡುಗಿ, ಮುಖ ಹೊಂದುತ್ತಿಲ್ಲ ಎಂದು ಬರೆದು ತೋರಿಸಿತು. ಮರ್ಯಾದಸ್ಥ ಫೋನು.

ಕಂಪನಿಯ ಹೆಸರು ಹೇಳುವುದಿಲ್ಲ. ದೊಡ್ಡ ಕಂಪನಿ. ನಿಮ್ಮ ಮುಖವೇ ಕೀಲಿಕೈ, ಬೇರೆ ಯಾರು ಬಂದರೂ ನಾವು ಬಾಗಿಲು ತೆಗೆಯುವುದಿಲ್ಲ ಎಂದು ಊರೂರಿನ ಬೋರ್ಡಿನ ಮೇಲೆ ಸಾರುವ ಕಂಪನಿ. ಆ ಮಾತಿಗೆ ಮರುಳಾಗಿಯೇ ಕೊಲ್ಹಾಪುರಕ್ಕೆ ಹೋಗಿ ಕೊಂಡೆ. ಡಬ್ಬಿ ಬಿಚ್ಚಿದರೆ ಒಳಗೆ ಚಾರ್ಜರ್ ಇಲ್ಲ.

"ಕಾಕಾ, ಭೂಮಿ ಉಳಿಸಾಕಂತ ಕಂಪನಿಯವ್ರು ಅದನ್ನ ತಗದಾರ್ರಿ" ಎಂದ ಅಂಗಡಿಯವ.

"ಮತ್ತ ನನಗ ಬೇಕಾದ್ರ?"

"ಬ್ಯಾರೆ ರೊಕ್ಕ ಕೊಟ್ರ ಈಗ ಕೊಡ್ತೇನಿ."

ಅಂದರೆ ನಾನು ಬೇರೆ ರೊಕ್ಕ ಕೊಟ್ಟ ಕೂಡಲೇ ಭೂಮಿಗೆ ಏನೂ ಆಗುವುದಿಲ್ಲ. ನಾನು ಇಚಲಕರಂಜಿ ಪಕ್ಕದ ಕಬನೂರಿನಲ್ಲಿ ಟವೆಲ್ ನೇಯುವವನು. ಅಂಚಿಲ್ಲದ ಟವೆಲ್ ಮಾರಿ, ನೀರು ಉಳಿಸಲು ಅಂಚು ತೆಗೆದಿದ್ದೇನೆ, ಬೇಕಾದರೆ ಬೇರೆ ಕೊಂಡು ಹೊಲಿಸಿಕೊಳ್ಳಿ ಎಂದರೆ ನಮ್ಮ ಓಣಿಯವರು ನನಗೆ ಹಾರ ಹಾಕುತ್ತಾರೆಯೇ? ಅದೇ ಮಾತನ್ನು ದೊಡ್ಡ ಕಂಪನಿ ಹೇಳಿದರೆ ಅದಕ್ಕೆ ಸ್ಟ್ರಾಟಜಿ ಎನ್ನುತ್ತಾರಂತೆ. (ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಸ್ಟ್ರಾಟಜಿ ಏಳನೇ ಇಯತ್ತೆಯಲ್ಲಿ ಬರುತ್ತದೆ ಎಂದು ಕಾಣುತ್ತದೆ.)

ಇರಲಿ. ಫೋನಿಗೆ ಮುಖ ತೋರಿಸುವ ಕಾರ್ಯಕ್ರಮ ನಮ್ಮ ಮಗ್ಗದ ಶೆಡ್ಡಿನಲ್ಲೇ ನಡೆಯಿತು. ಮಗ್ಗ ಓಡುತ್ತಿರುವಾಗ ಬಿಟ್ಟು ಬರುವ ಜಾತಿ ನನ್ನದಲ್ಲ. ವಾರದ ಗಡ್ಡ, ಹುಬ್ಬಿನ ತನಕ ಬಿಗಿದ ಟವೆಲ್. ಮೀಸೆ, ಹುಬ್ಬು, ಕಿವಿಯ ಕೂದಲು ಎಲ್ಲ ನೂಲಿನ ಧೂಳು ಕೂತು ಬೆಳ್ಳಗೆ.

"ಮೊದ್ಲ ಮಾರಿ ತೊಳಕೊಂಡ ಬರ್ರಿ" ಎಂದು ಫೋನ್ ಹಿಡಿದು ನಿಂತಿದ್ದ ನನ್ನ ಹೆಂಡತಿ ನೀಲವ್ವ ಕೂಗಿದಳು.

"ಇದ ನನ್ನ ಮಾರಿ. ಇದನ್ನ ತಗೊಳ್ಳಲಿ ಅದು."

ತೆಗೆದುಕೊಂಡಿತು. ಆಮೇಲೆ ಆಕೆ ಒಂದು ಪಿನ್ ನಂಬರ್ ಒತ್ತಿ, ಅದನ್ನು ನನ್ನ ಕಿವಿಯಲ್ಲಿ ಹೇಳಿದಳು. ನಾನು ತಲೆಯಾಡಿಸಿದೆ. (ಮಗ್ಗದ ಸದ್ದಿನಲ್ಲಿ ಯಾರು ಏನೆಂದರೂ ನಾವು ತಲೆಯಾಡಿಸುತ್ತೇವೆ. ಕೇಳಿಸಿತು ಎಂದಲ್ಲ, ಮಾತು ಮುಗಿಯಲಿ ಎಂದು.)

ಈಗ ಗಡಹಿಂಗ್ಲಜಕ್ಕೆ ಬರೋಣ. ಅಲ್ಲಿ ಮಲಗೊಂಡ ಸಾವಕಾರರ ಬಟ್ಟೆ ಅಂಗಡಿ. ನಮ್ಮ ಕಡೆ ಮದುವೆಯಲ್ಲಿ ಬೀಗರಿಗೆ ಟೋಪಿ-ಟವೆಲ್ ಹಾಕದೆ ಯಾರೂ ಊಟಕ್ಕೆ ಏಳುವುದಿಲ್ಲವಲ್ಲ, ಆ ಸೀಜನ್ನಿನ ಟವೆಲ್ಲಿನ ಆರ್ಡರ್ ಕೊಡುವವರು ಅವರು. ನನ್ನ ಮಗ್ಗಗಳಲ್ಲಿ ಅರ್ಧ ಆಗಲೇ ಸುಮ್ಮನೆ ನಿಂತಿದ್ದವು. ಈ ಆರ್ಡರ್ ತಪ್ಪಿದರೆ ಉಳಿದ ಅರ್ಧವೂ ನಿಲ್ಲುತ್ತಿತ್ತು. ಹೊಸ ಅಂಚಿನ ಟವೆಲ್ ಇನ್ನೂ ಮಗ್ಗದ ಮೇಲಿತ್ತು, ಕತ್ತರಿಸಿ ತರುವಂತಿರಲಿಲ್ಲ. ಫೋಟೋ ಮಾತ್ರ ಫೋನಿನಲ್ಲಿತ್ತು.

ಸಾವಕಾರರ ಮುಂದೆ ಕೂರುವುದೆಂದರೆ ಒಂದು ಘನತೆ ಬೇಡವೇ? ಬೆಳಿಗ್ಗೆ ಗಡ್ಡ ಬೋಳಿಸಿಕೊಂಡೆ. ಮೀಸೆಗೂ ಹುಬ್ಬಿಗೂ ಕಪ್ಪು ಬಣ್ಣ ಹಚ್ಚಿಸಿಕೊಂಡೆ. ಬಸ್ಸಿನಲ್ಲಿ ಕಿಟಕಿಯ ಗಾಜಿನಲ್ಲಿ ನನ್ನನ್ನು ನಾನೇ ಸಾಕಷ್ಟು ಸಲ ನೋಡಿಕೊಂಡೆ.

ಅಂಗಡಿಗೆ ಹೋದರೆ ಗಾದಿಯ ಮೇಲೆ ಬಾಳೂ ಆಗಲೇ ಕೂತಿದ್ದ. ನಮ್ಮ ಓಣಿಯ ನೇಕಾರ, ಎಲ್ಲ ಆರ್ಡರಿಗೂ ನನ್ನ ಎದುರಾಳಿ. ಕೈಚೀಲದಲ್ಲಿ ನೇಯ್ದ ಟವೆಲ್, ಕಿಸೆಯಲ್ಲಿ ಬಟನ್ ಫೋನ್.

"ಯಾರ ಲಗ್ನ ಐತಿ?" ಎಂದ ನನ್ನ ಮೀಸೆ ನೋಡಿ.

ನಾನು ಗತ್ತಿನಿಂದ ಫೋನ್ ತೆಗೆದು ಮುಖದ ಮುಂದೆ ಹಿಡಿದೆ. ಗುರ್. ಕನ್ನಡಕ ತೆಗೆದೆ. ಗುರ್. ನಕ್ಕೆ. ಗುರ್.

"ಹಲ್ಲ ಕಾಣಿಸಬ್ಯಾಡ, ಅಂಜತೈತಿ ಅದು" ಎಂದ ಬಾಳೂ.

ಸಾವಕಾರರು ಆ ಕಂಪನಿಯ ಭಕ್ತರು. "ಅವರ ಫೋನ್ ಅಂದ್ರ ಭಾಳ ಸೇಫ್. ಪೊಲೀಸ್ರು ಬಂದ್ರೂ ತಗಿಯಾಕ ಆಗಂಗಿಲ್ಲ" ಎಂದರು ಅಭಿಮಾನದಿಂದ.

"ಮಾಲಕ ಬಂದ್ರೂ ತಗಿಯಾಕ ಆಗವಲ್ದಲ್ರೀ ಸಾವಕಾರ್ರ."

"ಮಾಲಕ ನೀನ ಅನ್ನೂದು ಅದಕ ಹೆಂಗ ಗೊತ್ತಾಗಬೇಕು? ಪಿನ್ ಹಾಕು."

ಪಿನ್! ತಲೆಯಾಡಿಸಿದ್ದು ನೆನಪಿತ್ತು, ನಂಬರ್ ನೆನಪಿರಲಿಲ್ಲ. ಹೆಂಡತಿಗೆ ಕೇಳೋಣವೆಂದರೆ ಆಕೆಯ ನಂಬರ್ ಅದೇ ಫೋನಿನ ಹೊಟ್ಟೆಯಲ್ಲಿ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಹತ್ತು ಅಂಕಿ ಬಾಯಿಗೆ ಬರಲಿಲ್ಲ. (ನಗಬೇಡಿ. ನಿಮಗೆ ಬರುತ್ತದೆಯೇ?)

ಮತ್ತೆ ಮುಖ ಎತ್ತುವಷ್ಟರಲ್ಲಿ ಸಾವಕಾರರು ಕೈ ಹಿಡಿದರು. "ತಡಿ. ನಮ್ಮ ಅಳಿಯಾಂದೂ ಹಿಂಗ ಆಗಿತ್ತು. ಇನ್ನೊಂದ ಸಲ ತಪ್ಪಿದ್ರ ಪೂರಾ ಲಾಕ್ ಆಗತೈತಿ." ಹೀಗೆಂದವರೇ ಬಾಳೂನ ಟವೆಲ್ ಬಿಡಿಸಿ ಅಂಚು ಸವರತೊಡಗಿದರು.

ಹೋಯಿತು ಆರ್ಡರ್ ಎಂದುಕೊಂಡೆ. ಆಗ ಬಾಳೂ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಮಾರಿ ಎಲ್ಲಿ ತೋರಿಸಿದ್ದಿ ಇದಕ್ಕ?"

"ಶೆಡ್ಡಿನ್ಯಾಗ."

"ಮತ್ತ ಈ ಮಾರಿ ಅದಕ ಹೆಂಗ ಗುರ್ತ ಹತ್ತತೈತಿ? ದಿನಾ ನೋಡಾವ್ನು, ನನಗ ಹತ್ತಲಿಲ್ಲ. ನಡಿ."

ಪಕ್ಕದಲ್ಲೇ ಹಿಟ್ಟಿನ ಗಿರಣಿ. ಬಾಳೂ ಒಂದು ಹಿಡಿ ಜೋಳದ ಹಿಟ್ಟು ಕೇಳಿ ತೆಗೆದುಕೊಂಡು ನನ್ನ ಮೀಸೆಗೆ, ಹುಬ್ಬಿಗೆ, ಕೆನ್ನೆಗೆ ಉದುರಿಸಿದ. ತನ್ನ ಸ್ಯಾಂಪಲ್ ಟವೆಲ್ಲನ್ನೇ ತಂದು ನನ್ನ ಹಣೆಗೆ ಹುಬ್ಬಿನ ತನಕ ಬಿಗಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಎಡ ಹುಬ್ಬಿಗೆ ಇನ್ನೊಂದು ಚಿಟಿಕೆ ಸೇರಿಸಿದ. ಬೀಸಲು ಬಂದ ಹೆಂಗಸರು ಬುಟ್ಟಿ ಕೆಳಗಿಟ್ಟು ನೋಡುತ್ತಿದ್ದರು.

"ಅಳಬ್ಯಾಡ, ಹಿಟ್ಟ ಕಲಸತೈತಿ. ಈಗ ಹಿಡಿ."

ಹಿಡಿದೆ. ಫೋನ್ ಒಂದು ಕ್ಷಣ ಯೋಚಿಸಿತು. ಟಕ್ ಎಂದು ತೆರೆಯಿತು.

ಹಿಟ್ಟು ಉದುರಿಸುತ್ತಲೇ ಅಂಗಡಿಗೆ ಹೋಗಿ ಫೋಟೋ ತೋರಿಸಿದೆ. ಸಾವಕಾರರು ದೊಡ್ಡದು ಮಾಡಿ ನೋಡಿದರು, ಸಣ್ಣದು ಮಾಡಿ ನೋಡಿದರು. "ಅಂಚ ನಿಂದು ಚಲೋ ಐತಿ. ಬಟ್ಟಿ ಬಾಳೂಂದು ಚಲೋ ಐತಿ. ಅರ್ಧಾ ಅರ್ಧಾ ಮಾಡ್ರಿ" ಎಂದರು. ನಾನು ಬಾಳೂನ ಮುಖ ನೋಡಿದೆ. "ಹಿಟ್ಟಿನ ರೊಕ್ಕ ನಿಂದು" ಎಂದ.

ಮನೆಗೆ ಬಂದ ಮೇಲೆ ನೀಲವ್ವ ಪಿನ್ ಮತ್ತೊಮ್ಮೆ ಹೇಳಿದಳು. ಶೆಡ್ಡಿನಲ್ಲೇ. ನಾನು ತಲೆಯಾಡಿಸಿದೆ.

ತೊಳೆದ ಮುಖವನ್ನೂ ಫೋನಿಗೆ ತೋರಿಸಿ ಎಂದು ಎಲ್ಲರೂ ಬುದ್ಧಿ ಹೇಳುತ್ತಿದ್ದಾರೆ. ನಾನು ಒಪ್ಪಿಲ್ಲ. ನನ್ನದು ದುಡಿಯುವ ಮುಖ, ಅದನ್ನೇ ನೋಡಿ ಫೋನ್ ಬಾಗಿಲು ತೆಗೆಯಲಿ. ಆದರೆ ಒಂದು ಅನುಮಾನ ಮಾತ್ರ ಉಳಿದಿದೆ. ಇಚಲಕರಂಜಿ ಸ್ಟ್ಯಾಂಡಿನ ಹತ್ತಿರ ಈ ಕಂಪನಿಯ ದೊಡ್ಡ ಬೋರ್ಡ್ ಇದೆ. ಫೋನ್ ಹಿಡಿದು ನಗುವ ಗಂಡಸರು, ಹೆಂಗಸರು, ಎಲ್ಲರೂ ಈಗಷ್ಟೇ ಸ್ನಾನ ಮಾಡಿ ಬಂದವರು.

ಅಲ್ಲ, ಅವರ ಮನೆಯಲ್ಲಿ ಕೆಲಸ ಯಾರು ಮಾಡ್ತಾರ್ರೀ?