ದಡದಲ್ಲಿ ಓಡುವ ಇಂಜಿನ್ನು

ಮೊನ್ನೆ ಭಟ್ಕಳದಿಂದ ಹೊನ್ನಾವರಕ್ಕೆ ಹೊರಟ ಬಸ್ಸು ಮಂಕಿ ಊರು ದಾಟಿದ್ದೇ ತಡ, ಒಮ್ಮೆ ಕೆಮ್ಮಿ, ಕುಲುಕಾಡಿ, ರಸ್ತೆಯ ಬದಿಗೆ ನಿಂತುಬಿಟ್ಟಿತು. ಡ್ರೈವರು ಇಳಿದು ಹೋಗಿ ಮುಂದುಗಡೆ ಏನನ್ನೋ ಬಿಚ್ಚಿದ. ಡೀಸೆಲ್ಲಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಕೆಟ್ಟು ನಿಂತ ಬಸ್ಸಿನಲ್ಲಿ ನೀವೂ ಕೂತವರೇ. ಅಂಥ ಹೊತ್ತಿನಲ್ಲಿ ಎಲ್ಲರೂ ಪಂಡಿತರಾಗುತ್ತಾರೆಂಬುದು ನಿಮಗೆ ಗೊತ್ತು. ಒಬ್ಬ ಫಿಲ್ಟರು ಅಂದ, ಇನ್ನೊಬ್ಬ ಪಂಪು ಅಂದ. ಮೀನಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು, ಡ್ರೈವರು ಬೆಳಿಗ್ಗೆ ಎದ್ದು ಯಾರ ಮುಖ ನೋಡಿದ್ದನೋ ಎಂದಳು. ನಾನು ಸುಮ್ಮನೆ ಕೂತಿದ್ದೆ. ಬಾಯಿ ಸುಮ್ಮನಿತ್ತು ಅಷ್ಟೇ, ಬೆರಳುಗಳು ಮಡಿಲಲ್ಲಿದ್ದ ಕಿತ್ತಳೆಯ ಚೀಲದ ಮೇಲೆ ತಮ್ಮಷ್ಟಕ್ಕೆ ನಟ್ಟು ಬಿಚ್ಚುವ ಪಾನಾ ತಿರುಗಿಸುತ್ತಿದ್ದವು.

ಕಿತ್ತಳೆ ಕಾಸರಕೋಡಿನ ನಾಗಪ್ಪ ಭಾವನಿಗೆ. ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿ ಮಲಗಿದ್ದ. ನೋಡಿ ಬರದಿದ್ದರೆ ಜನ ಏನೆನ್ನುತ್ತಾರೆ ಎಂದು ಹೆಂಡತಿ ಹಣ್ಣು ಕೊಟ್ಟು ಅಟ್ಟಿದ್ದಳು. ನನ್ನ ಕಣ್ಣಿನಲ್ಲೂ ಪೊರೆ ಇದೆ. ಇನ್ನೂ ಬಲಿತಿಲ್ಲ, ಕಾಯಬೇಕು ಎಂದಿದ್ದಾರೆ ಡಾಕ್ಟರು. ಅವನದು ನನ್ನದಕ್ಕಿಂತ ಮೊದಲು ಬಲಿತಿತು. ಅದರಲ್ಲೂ ಅವನೇ ಮುಂದೆ.

ನಗಬೇಡಿ. ನಾಗಪ್ಪ ನನ್ನ ಸೋದರಮಾವನ ಮಗ. ನನಗಿಂತ ಒಂದು ಮಳೆಗಾಲ ದೊಡ್ಡವನು, ಅಷ್ಟಕ್ಕೇ ಭಾವ. ನಾನು ಈಜು ಕಲಿತ ದಿನ ಅವನು ಹೊಳೆ ಸಮುದ್ರ ಸೇರುವ ಅಳಿವೆ ದಾಟಿ ಬಂದ. ನಾನು ಬೀಸುಬಲೆ ನೆಟ್ಟಗೆ ಬಿಡಿಸಿ ಎಸೆಯುವುದನ್ನು ಕಲಿಯುವಷ್ಟರಲ್ಲಿ ಅವನ ಬಲೆಯ ತುಂಬ ಮೀನು. ಅವನನ್ನು ಕಂಡು ಕಲಿ ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು, ಅದೂ ನನಗೆ ಬಡಿಸುವಾಗಲೇ. ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಯಾರೂ ವಿವರಿಸಬೇಕಿಲ್ಲ. ಗಂಜಿಯ ಜೊತೆಗೇ ಉಂಡವನು ನಾನು. ಇಷ್ಟಾಗಿಯೂ ಆ ಮನುಷ್ಯನಿಗೆ ನನ್ನ ಮೇಲೆ ಒಂದಿಷ್ಟೂ ಬೇಸರವಿರಲಿಲ್ಲ, ತಮಾ ತಮಾ ಎಂದು ಹೆಗಲ ಮೇಲೆ ಕೈ ಹಾಕಿಕೊಂಡೇ ಇರುತ್ತಿದ್ದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಗ ನಮ್ಮ ಕಡೆ ದೋಣಿಗಳಿಗೆ ಇಂಜಿನ್ನು ಕೂರಿಸುವ ಕಾಲ ಶುರುವಾಗಿತ್ತು. ಹುಟ್ಟು ಹಾಕಿ, ಹಾಯಿ ಕಟ್ಟಿ ಹೋಗುತ್ತಿದ್ದವರ ಮಕ್ಕಳನ್ನು ಸರಕಾರ ಕರೆದು ಇಂಜಿನ್ನಿನ ತರಬೇತಿ ಕೊಡುತ್ತಿತ್ತು. ನಾವಿಬ್ಬರೂ ಒಟ್ಟಿಗೇ ಹೋದೆವು. ಅಲ್ಲಿ ಕಲಿಸುತ್ತಿದ್ದ ಮಾಸ್ತರರು ಒಂದು ಮಾತನ್ನು ನಮ್ಮ ತಲೆಗೆ ಹೊಡೆದು ಕೂರಿಸಿದ್ದರು: ಇಂಜಿನ್ನು ಕೆಟ್ಟರೆ ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು, ನಾಲ್ಕು ಕಡೆ ಕೈ ಹಾಕಿದರೆ ಸರಿಯಾದರೂ ಯಾಕೆ ಸರಿಯಾಯಿತೆಂದು ತಿಳಿಯುವುದಿಲ್ಲ. ಕೊನೆಯ ಪರೀಕ್ಷೆಯಲ್ಲಿ ಭಾವ ಮೊದಲನೆಯವನಾದ. ನಾನು ಎಷ್ಟನೆಯವನೆಂದು ನೀವು ಕೇಳುವುದಿಲ್ಲ ಎಂದುಕೊಂಡಿದ್ದೇನೆ.

ಅವನು ಕಾಸರಕೋಡಿನ ಒಂದು ದೋಣಿಗೆ ಡ್ರೈವರಾದ. ನಾನು ತೆಂಗಿನಗುಂಡಿಯಲ್ಲಿ ಭಟ್ಕಳದ ಸಾಹೇಬರೊಬ್ಬರು ಕಟ್ಟಿಸಿದ ಹೊಸ ದೋಣಿಗೆ. ಮನೆಯಲ್ಲಿ ನವಾಯತಿ ಮಾತಾಡುವ ಸಾಹೇಬರು ನಮ್ಮ ಜೊತೆ ನಮ್ಮದೇ ಕನ್ನಡ ಆಡುತ್ತಿದ್ದರು. ದೋಣಿ ಕಟ್ಟುವ ಧಕ್ಕೆಯಲ್ಲಿ ಎಲ್ಲರೂ ನನ್ನನ್ನು ಡ್ರೈವರ್ ಎಂದೇ ಕರೆಯತೊಡಗಿದಾಗ ನನ್ನ ನಡಿಗೆಯೇ ಬದಲಾಯಿತಂತೆ, ಅಮ್ಮ ಹೇಳುತ್ತಿದ್ದಳು. ಭಾವನಿಗೆ ಸಮನಾಗಿ ನಿಂತದ್ದು ಹುಟ್ಟಿದ ಮೇಲೆ ಅದೇ ಮೊದಲು, ನೋಡಿ.

ದೋಣಿಯ ಮರಗೆಲಸ ಮುಗಿದ ಮೇಲೆ ಸಂದು ತುಂಬುವ ಕೆಲಸ ನನ್ನ ಅಪ್ಪನದು. ಅಪ್ಪ ಹಾಯಿದೋಣಿಯ ಕಾಲದಲ್ಲಿ ದೋಣಿ ನಡೆಸುತ್ತಿದ್ದ ತಾಂಡೇಲ. ಸಮುದ್ರಕ್ಕೆ ಹೋಗುವುದು ಬಿಟ್ಟ ಮೇಲೆ ದಡದಲ್ಲಿ ಕೂತು ದೋಣಿಗಳ ಸಂದುಗಳಿಗೆ ಹತ್ತಿ ತುರುಕಿ, ರಾಳ ಮೆತ್ತಿ, ಗೇರೆಣ್ಣೆ ಸವರುತ್ತಿದ್ದ. ಅವನು ಮೆತ್ತಿದ ದೋಣಿಯ ತಳ ಒದ್ದೆಯಾದದ್ದಿಲ್ಲ. ಕೂದಲೆಳೆಯಷ್ಟು ಬಿರುಕಿದ್ದರೂ ಬೆರಳಿಂದಲೇ ಹಿಡಿಯುತ್ತಿದ್ದ. ಇಂಜಿನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಅದರ ಸದ್ದಿಗೆ ಮೀನು ಗೋವೆಗೆ ಓಡುತ್ತದೆ ಎನ್ನುತ್ತಿದ್ದ. ಆದರೂ ಮಗ ಹೋಗುವ ದೋಣಿಯಲ್ಲವೇ, ನೀರಿಗಿಳಿಸುವ ಮುನ್ನಾ ದಿನ ಪೂರಾ ಅದರೊಳಗೇ ಇದ್ದ, ಊಟಕ್ಕೂ ಬರಲಿಲ್ಲ.

ಪೂಜೆಯಾಯಿತು, ಕಾಯಿ ಒಡೆದರು. ಧಕ್ಕೆಗೆ ಕಟ್ಟಿಕೊಂಡೇ ಇಂಜಿನ್ನು ಓಡಿಸಿ ತೋರಿಸಿದೆ. ಒಂದು ಲಯಕ್ಕೆ ಬಿದ್ದು ಓಡಿತು. ಸಾಹೇಬರು ನನ್ನ ಬೆನ್ನು ತಟ್ಟಿದರು. ಹಗ್ಗ ಬಿಚ್ಚಿ ಹೊರಟೆವು. ಅಳಿವೆಯ ಬಾಯಿಗೆ ಬಂದು, ಹೊರಗಿನ ತೆರೆ ಮೊದಲ ಸಲ ದೋಣಿಯ ಮೂತಿ ಎತ್ತುವ ಹೊತ್ತಿಗೆ ಸರಿಯಾಗಿ ಇಂಜಿನ್ನು ಕೆಮ್ಮಿ ನಿಂತಿತು.

ಅಳಿವೆಯಲ್ಲಿ ಇಂಜಿನ್ನು ನಿಂತರೆ ಏನಾಗುತ್ತದೆಂದು ಮೀನುಗಾರರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿ ಹೆದರಿಸುವುದು ಬೇಡ. ಹುಡುಗರು ಬೊಬ್ಬೆ ಹಾಕುತ್ತ ಹುಟ್ಟು ಹಾಕಿದರು. ನಾನು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಡೀಸೆಲ್ಲು ಬೇಕಾದಷ್ಟಿತ್ತು. ಮುಚ್ಚಿದೆ. ಪಂಪಿನ ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟು ಹ್ಯಾಂಡಲು ತಿರುಗಿಸಿದೆ. ಏನೂ ಆಗಿಲ್ಲವೆಂಬಂತೆ ಹೊರಟಿತು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು.

ಮರುದಿನವೂ ಇದೇ ಕತೆ, ಅದರ ಮರುದಿನವೂ. ಧಕ್ಕೆಯಲ್ಲಿ ಎಷ್ಟು ಹೊತ್ತು ಓಡಿಸಿದರೂ ಓಡುತ್ತದೆ, ಹೊರಟರೆ ಅಳಿವೆಯಲ್ಲಿ ನಿಲ್ಲುತ್ತದೆ. ಮಾಸ್ತರರ ಮಾತಿನಂತೆ ಒಂದೊಂದನ್ನೇ ಹಿಡಿದೆ. ಡೀಸೆಲ್ಲನ್ನು ಅಮ್ಮನ ಹಳೆ ಸೀರೆಯಲ್ಲಿ ಸೋಸಿದೆ. ಅದಲ್ಲ. ಫಿಲ್ಟರು ತೊಳೆದೆ. ಅದಲ್ಲ. ಪೈಪು ಬಿಚ್ಚಿ ಊದಿದೆ. ಅದೂ ಅಲ್ಲ. ತೆರೆಗೆ ಕುಲುಕಿ ಯಾವುದೋ ನಟ್ಟು ಸಡಿಲಾಗುತ್ತಿರಬೇಕೆಂದು ಎಲ್ಲ ನಟ್ಟುಗಳನ್ನೂ ಬಿಗಿದೆ. ಸಾಹೇಬರು ಕುಮಟಾದಿಂದ ಮೆಕ್ಯಾನಿಕ್ಕನ್ನು ಕರೆಸಿದರು. ಆತ ಶರಾವತಿಯನ್ನು ಲಾಂಚಿನಲ್ಲಿ ದಾಟಿ ಬಂದು, ಧಕ್ಕೆಯಲ್ಲಿ ಓಡಿಸಿ ನೋಡಿ, ಇಂಜಿನ್ನಿನಲ್ಲಿ ಏನೂ ಇಲ್ಲ, ನಡೆಸುವವನಲ್ಲಿ ಇದೆ ಎಂದು ಹೇಳಿ ಊಟ ಮಾಡಿ ಹೋದ. ನನ್ನ ಎದುರಿಗೇ ಹೇಳಿದ. ದೋಣಿಗೆ ಹೋಗುವ ಹುಡುಗರು ನನ್ನನ್ನು ಡ್ರೈವರ್ ಎನ್ನುವುದನ್ನು ಬಿಟ್ಟರು.

ಸಂಜೆ ಸಾಹೇಬರು ಬಂದರು. ಒಳ್ಳೆಯವರು, ಜೋರು ಮಾಡಲಿಲ್ಲ. "ಜನರ ಜೀವದ ಪ್ರಶ್ನೆ, ಎಂತ ಮಾಡುದು ಹೇಳು," ಎಂದರು. "ನಾಗಪ್ಪನ್ನ ಕರ್ಸ್ತೆ. ಅವನ ಕೈಲೂ ನಿಂತ್ರೆ ಇಂಜಿನ್ ವಾಪಸ್. ನಿಲ್ದಿದ್ರೆ ಅವನೇ ಡ್ರೈವರ್."

ಬೇರೆ ಯಾರ ಹೆಸರನ್ನಾದರೂ ಹೇಳಿದ್ದರೆ ನಾನು ಸಾಹೇಬರ ಕಾಲು ಹಿಡಿಯುತ್ತಿದ್ದೆ.

ಭಾವ ಬಂದ. ಅವನ ದೋಣಿಯ ಬಲೆ ದುರಸ್ತಿಗೆ ಬಿದ್ದಿತ್ತು, ಕೆಲವು ದಿನ ಬಿಡುವಿತ್ತು. ಬಂದವನು ಅದೇ ಹೆಗಲಿಗೆ ಅದೇ ಕೈ ಹಾಕಿ, ಹೆದರಬೇಡ ನೋಡ್ವ ಎಂದ. ನಾನು ದೋಣಿಯಲ್ಲಿ ಬರಿಯ ಕೂಲಿಯವನಾಗಿ ಹಗ್ಗದ ಸುರುಳಿಯ ಮೇಲೆ ಕೂತೆ. ಎದುರಿಗೆ ಅಪ್ಪ. ದೋಣಿಗೆ ಏನಾಗಿದೆಯೋ ನೋಡಿಯೇಬಿಡುತ್ತೇನೆಂದು ಹಟ ಹಿಡಿದು ಅವನೂ ಹತ್ತಿದ್ದ. ನಾನು ಆ ದಿನ ಎಲ್ಲ ದೇವರಿಗೂ ಹೇಳಿಕೊಂಡೆ: ಇಂಜಿನ್ನು ನಿಲ್ಲಲಿ, ಅಳಿವೆಯ ನಡುವೆಯೇ ನಿಲ್ಲಲಿ. ದೋಣಿಯಲ್ಲಿ ಅಪ್ಪ ಇದ್ದಾನೆ, ನಾನೂ ಇದ್ದೇನೆ ಎಂಬುದೆಲ್ಲ ಮರೆತೇ ಹೋಗಿತ್ತು.

ನಿಲ್ಲಲಿಲ್ಲ. ಅಳಿವೆ ದಾಟಿತು, ಹೊರಗಿನ ತೆರೆ ಹತ್ತಿ ಇಳಿಯಿತು, ಸಮುದ್ರದ ನಡುವಿನ ನೇತ್ರಾಣಿ ಗುಡ್ಡ ಹತ್ತಿರ ಕಾಣುವ ತನಕ ಹೋಗಿ ವಾಪಸು ಬಂತು. ಮರುದಿನವೂ ನಿಲ್ಲಲಿಲ್ಲ. ಹುಡುಗರು ಭಾವನ ಕೈಗುಣವನ್ನು ಹಾಡಿ ಹೊಗಳಿದರು. ಅಮ್ಮ ಅವನಿಗಾಗಿ ಬಂಗುಡೆ ಹುರಿದಳು. ನನ್ನ ಹೊಟ್ಟೆಯೊಳಗೆ ಏನು ಹುರಿಯುತ್ತಿತ್ತೆಂದು ಯಾರೂ ಕೇಳಲಿಲ್ಲ.

ಆದರೆ ಹೊಟ್ಟೆಕಿಚ್ಚಿನವನಿಗೆ ಒಂದು ಅನುಕೂಲವಿದೆ. ಅವನ ಕಣ್ಣು ಅತ್ತಿತ್ತ ಹೋಗುವುದಿಲ್ಲ. ನಾನು ಭಾವನನ್ನು ನುಂಗುವ ಹಾಗೆ ನೋಡುತ್ತ ಕೂತೆ. ಹ್ಯಾಂಡಲು ಹೇಗೆ ಹಿಡಿಯುತ್ತಾನೆ, ವೇಗ ಎಲ್ಲಿ ತಗ್ಗಿಸುತ್ತಾನೆ, ಕಾಲು ಎಲ್ಲಿ ಇಡುತ್ತಾನೆ. ಎಲ್ಲ ನನ್ನ ಹಾಗೆಯೇ. ಒಂದೇ ಒಂದು ಬೇರೆ. ಅವನು ಆಗಾಗ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಒಳಗೆ ಇಣುಕಿ, ಮತ್ತೆ ಮುಚ್ಚುತ್ತಿದ್ದ. ಡೀಸೆಲ್ಲು ತುಂಬಿದ್ದು ಗೊತ್ತಿದ್ದೂ ಇದೆಂಥ ಪುಕ್ಕಲುತನ ಎಂದು ಮೊದಲು ಖುಷಿಯಾಯಿತು. ಅವನಲ್ಲೂ ಒಂದು ಕೊರತೆ ಸಿಕ್ಕಿತಲ್ಲ ಎಂಬ ಖುಷಿ. ಆಮೇಲೆ ಹೊಳೆಯಿತು. ಧಕ್ಕೆಯಲ್ಲಿ ಓಡಿಸುವಾಗ ಟ್ಯಾಂಕಿನ ಬಾಯಲ್ಲಿ ಯಾವಾಗಲೂ ಡೀಸೆಲ್ಲು ಹೊಯ್ಯುವ ಲಾಳಿಕೆ ಇರುತ್ತಿತ್ತು, ಮುಚ್ಚಳ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಮುಚ್ಚಳ ಬಿಗಿಯುತ್ತಿದ್ದದ್ದು ಹೊರಡುವಾಗ ಮಾತ್ರ. ನಿಂತಾಗಲೆಲ್ಲ ನಾನು ಮೊದಲು ಮಾಡುತ್ತಿದ್ದದ್ದೂ ಅದನ್ನು ತೆಗೆದು ನೋಡುವುದೇ. ಮುಚ್ಚಳ ತೆಗೆದದ್ದರಿಂದಲೇ ಸರಿಯಾಗುತ್ತಿತ್ತು, ನಾನು ಬೇರೆಲ್ಲೋ ಹುಡುಕುತ್ತಿದ್ದೆ.

ಎಲ್ಲರೂ ಮೀನು ಇಳಿಸಲು ಹೋದಾಗ ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದೆ. ಟ್ಯಾಂಕಿನ ಮುಚ್ಚಳಕ್ಕೆ ಸೂಜಿಯ ಮೊನೆಯಷ್ಟು ತೂತು ಇರುತ್ತದೆ. ಡೀಸೆಲ್ಲು ಇಳಿದಂತೆ ಮೇಲಿನಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಡೀಸೆಲ್ಲು ಕೆಳಗಿಳಿಯುವುದಿಲ್ಲ. ತರಬೇತಿಯ ಮೊದಲ ವಾರದ ಪಾಠ. ಆ ತೂತಿನಲ್ಲಿ ಚೂರು ಹತ್ತಿ, ಅದರ ಮೇಲೆ ಉಗುರಿನಿಂದ ನುಣ್ಣಗೆ ಒತ್ತಿದ ರಾಳ ಇತ್ತು. ಆ ಉಗುರಿನ ಗುರುತನ್ನು ನಾನು ನೂರು ದೋಣಿಗಳ ಸಂದಿನಲ್ಲಿ ನೋಡಿದ್ದೆ.

ಅಪ್ಪನನ್ನು ನೀವು ದೂರಬೇಡಿ. ದೋಣಿಯಲ್ಲಿ ತೂತು ಕಂಡರೆ ಮುಚ್ಚುವುದು ಅವನು ಹುಟ್ಟಿದಾಗಿನಿಂದ ಮಾಡಿದ ಒಂದೇ ಕೆಲಸ. ಮಗನ ಡೀಸೆಲ್ಲಿಗೆ ಉಪ್ಪುನೀರು ಸಿಡಿಯಬಾರದೆಂದು, ಅರ್ಥವಾಗದ ಆ ಯಂತ್ರಕ್ಕೆ ತನಗೆ ಗೊತ್ತಿದ್ದ ಉಪಕಾರವೊಂದನ್ನು ಮಾಡಿದ್ದ.

ನಾನು ದಬ್ಬಣ ತಂದು ರಾಳದ ನಡುವೆ ಸಣ್ಣಗೆ ಚುಚ್ಚಿದೆ, ಮೇಲಿನಿಂದ ನೋಡಿದರೆ ಅಪ್ಪನ ಕೆಲಸ ಹಾಗೆಯೇ ಇರುವಂತೆ. ಕಂಡುಹಿಡಿದೆ ಎಂದು ಧಕ್ಕೆಯ ಮೇಲೆ ನಿಂತು ಕೂಗಬೇಕೆನಿಸಿತು. ಏನು ಕಂಡುಹಿಡಿದೆ ಎಂದು ಕೇಳಿದರೆ ಅಪ್ಪನ ಹೆಸರು ಹೇಳಬೇಕು. ಅವನ ಕೈ ಮುಟ್ಟಿದ ದೋಣಿ ಕೆಟ್ಟಿತ್ತೆಂದು ಊರೆಲ್ಲ ಆಡಿಕೊಂಡರೆ ಅಪ್ಪ ಮತ್ತೆ ರಾಳ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡೆ.

ಆ ಸಂಜೆಯೇ ಭಾವ ಸಾಹೇಬರ ಹತ್ತಿರ ಹೋಗಿ, ತನ್ನ ದೋಣಿ ತನಗೆ ಸಾಕು, ಈ ದೋಣಿಗೆ ನಮ್ಮ ತಮನೇ ಆಗಬೇಕು, ಇನ್ನು ನಿಲ್ಲುವುದಿಲ್ಲ ಎಂದು ಹೇಳಿ ಊರಿಗೆ ಹೋದ. ನನ್ನ ಜಾಗ ನನಗೆ ಸಿಕ್ಕಿತು, ಇಂಜಿನ್ನು ಮತ್ತೆಂದೂ ಅಳಿವೆಯಲ್ಲಿ ನಿಲ್ಲಲಿಲ್ಲ. ಆದರೆ ತೆಂಗಿನಗುಂಡಿಯಲ್ಲಿ ಅದಕ್ಕೆ ನಾಗಪ್ಪ ಸರಿ ಮಾಡಿಕೊಟ್ಟ ಇಂಜಿನ್ನು ಎಂದೇ ಹೆಸರಾಯಿತು. ಅಪ್ಪನೂ ಹಾಗೇ ಹೇಳುತ್ತಿದ್ದ. ಅಪ್ಪ ಹೋಗಿ, ಆ ದೋಣಿಯೂ ಹೋಗಿ, ನನ್ನ ಕೂದಲೂ ಹೋದ ಮೇಲೂ ಹಳಬರು ಸಿಕ್ಕರೆ ಅದನ್ನೇ ಹೇಳುತ್ತಾರೆ. ನಿಜ ಏನೆಂದು ನನ್ನ ಹೆಂಡತಿಗೆ ಮಾತ್ರ ಹೇಳಿದ್ದೆ. ಭಾವನಿಗಿಂತ ನಾನು ಮುಂದಿದ್ದದ್ದು ಇಡೀ ಜನ್ಮದಲ್ಲಿ ಅದೊಂದು ಮಧ್ಯಾಹ್ನ. ಅದನ್ನು ಬಚ್ಚಿಟ್ಟುಕೊಂಡು, ಬೇಕಾದಾಗ ತೆಗೆದು ನೋಡಿಕೊಂಡು, ನಾನು ಇಷ್ಟು ವರ್ಷ ಅವನನ್ನು ಸಹಿಸಿದ್ದೇನೆ.

ಬಸ್ಸು ಹೇಗೋ ಹೊರಟಿತು. ಕಾಸರಕೋಡಿನಲ್ಲಿ ಇಳಿದು ಹೋದಾಗ ಭಾವ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದ. ಕಣ್ಣು ಈಗ ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿದೆಯಂತೆ. ಸಂತೋಷ ಎಂದೆ. ಅದು ಇದು ಮಾತಾಡುತ್ತ ಬಸ್ಸು ಕೆಟ್ಟದ್ದನ್ನು ಹೇಳಿದೆ. ಅವನು ನಕ್ಕು, ನಿಮ್ಮ ಸಾಹೇಬರ ಇಂಜಿನ್ನು ನೆನಪಾಯಿತು ಎಂದ. ತನ್ನ ಹೆಂಡತಿ ಒಳಗಿದ್ದಾಳೋ ಎಂದು ಒಮ್ಮೆ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದ.

"ಆ ಮುಚ್ಚಳದ ತೂತು ಮುಚ್ಚಿದ್ದು ನಂಗೆ ಮೊದಲ್ನೇ ದಿನವೇ ಕಂಡಿತ್ತು ತಮಾ. ರಾಳ ಮಾವಂದೇ ಅಂತ್ಲೂ ಗೊತ್ತಾತು. ಮಾವ ಎದುರಿಗೇ ಕೂತಿದ್ದ, ಬಾಯಿ ಬಿಟ್ಟು ಹೇಳುದು ಹ್ಯಾಂಗೆ? ನೀ ನನ್ ಮೇಲೆ ಇಟ್ಟ ಕಣ್ಣು ತೆಗೀದಿಲ್ಲ ಅಂತ ಗೊತ್ತಿತ್ತಲ. ಅದ್ಕೇ ನಿಂಗೆ ಕಾಣೂ ಹಾಂಗೆ ತೆಗ್ದು ತೆಗ್ದು ತೋರ್ಸಿದೆ. ಹೊರಡುವಾಗ ನೋಡಿದ್ರೆ ದಬ್ಬಣದಲ್ಲಿ ಚುಚ್ಚಿದ್ದು ಕಂಡ್ತು. ಅಡ್ಡಿಲ್ಲ ಅಂದ್ಕಂಡೆ."

ಇಷ್ಟು ವರ್ಷ ಬಿಟ್ಟು ಈಗೆಂತಕ್ಕೆ ಹೇಳಿದೆ ಎಂದು ಕೇಳಿದೆ.

"ಮಾವನ ರಾಳದ ಕೆಲಸ ಗೊತ್ತಿದ್ದವ್ರು ಇನ್ನು ಯಾರಿದ್ದಾರೆ? ನೀನು, ನಾನು. ಇಬ್ರಲ್ಲಿ ಒಬ್ಬ ಹೋದ್ರೆ ಮಾತಾಡೂಕೂ ಜನ ಇಲ್ಲ," ಎಂದ. ಕನ್ನಡಕದ ಕೆಳಗೆ ಒದ್ದೆಯಾಗಿತ್ತು. ಆಪರೇಷನ್ ಆದ ಕಣ್ಣು, ನೀರು ಬರುತ್ತದೆ ಎಂದು ಒರೆಸಿಕೊಂಡ. ಅವನು ಒಂದು ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟ. ತಿಂದೆ. ಅವನ ಅರ್ಧಕ್ಕಿಂತ ನನ್ನದು ದೊಡ್ಡದಿತ್ತು.

ಮನೆಗೆ ಬಂದು ಕಾಲು ತೊಳೆದುಕೊಂಡು ಕೂತ ಮೇಲೆ ಹೆಂಡತಿಗೆ ಹೇಳಿದೆ, ಯಾರಾದರೂ ಕೇಳಿದರೆ ಆ ಇಂಜಿನ್ನು ಸರಿ ಮಾಡಿದ್ದು ನಾಗಪ್ಪ ಭಾವನೇ ಎಂದು ಹೇಳು, ನಮ್ಮದೇನೂ ಇಲ್ಲ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ ನನ್ನನ್ನೇ ನೋಡಿದಳು.

"ಅದನ್ನೂ ಅವರಿಗೇ ಬಿಟ್ಟುಕೊಟ್ರಾ?" ಎಂದಳು. "ನಿಮ್ದು ದೊಡ್ಡ ಮನಸ್ಸು."

ಹೌದು ಎಂದೆ. ಅದು ಮೊದಲಿನಿಂದಲೂ ಅವನದೇ ಆಗಿತ್ತು ಎಂದು ಹೇಳುವುದಕ್ಕೆ ಮಾತ್ರ ಬಾಯಿ ಬರಲಿಲ್ಲ.