ನೆಟ್ ಮಂಜೂರಾಗಿದೆ

ನನ್ನ ಭಾವನಂಥ ಒಳ್ಳೆಯ ಮನುಷ್ಯರು ಇನ್ನೊಬ್ಬರಿಲ್ಲ ಎಂದು ಬೀದಿಯೆಲ್ಲ ಹೇಳುತ್ತದೆ. ಹೇಳುವವರಿಗೇನು, ಅವರು ಭಾವನ ಜೊತೆ ಒಂದೇ ಅಂಗಡಿಯಲ್ಲಿ ದಿನವಿಡೀ ಏಗಬೇಕಾಗಿಲ್ಲ. ಅಕ್ಕ-ಭಾವ ನಡೆಸುವ ಲಾಂಡ್ರಿಯಲ್ಲಿ ಬಟ್ಟೆ ತೆಗೆದುಕೊಂಡು ಚೀಟಿ ಹರಿದು ಕೊಡುವವಳು ನಾನು. ಆ ಒಳ್ಳೆಯತನದ ಬಿಸಿ ಇಸ್ತ್ರಿಪೆಟ್ಟಿಗೆಗಿಂತ ಮೊದಲು ತಟ್ಟುವುದು ನನಗೆ.

ಸಂಜೆಯಾಯಿತೆಂದರೆ ಭಾವ ಇಸ್ತ್ರಿ ಆರಿಸಿ, ಕೊರಳಿಗೆ ಸೀಟಿ ತೂಗುಹಾಕಿಕೊಂಡು ಅಂಗಡಿಯ ಹಿಂದಿನ ಖಾಲಿ ಜಾಗಕ್ಕೆ ಹೊರಡುತ್ತಾರೆ. ಸುತ್ತಲಿನ ಬೀದಿಗಳ ಹೆಣ್ಣುಮಕ್ಕಳಿಗೆ ಅಲ್ಲಿ ವಾಲಿಬಾಲ್ ಕಲಿಸುತ್ತಾರೆ. ಬಿಡಿಗಾಸೂ ಹುಟ್ಟುವುದಿಲ್ಲ. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅಕ್ಕ ಒದ್ದೆ ಚಾದರ ಹಿಂಡುತ್ತ ಗೊಣಗುತ್ತಾಳೆ. ಗೊಣಗುತ್ತಲೇ ಆ ಮಕ್ಕಳ ಅಂಗಿಗಳನ್ನೂ ಒಗೆದು ಕೊಡುತ್ತಾಳೆ.

ಈ ಮಕ್ಕಳ ಕ್ಲಬ್ಬಿಗೆ ಇದ್ದದ್ದು ಒಂದೇ ನೆಟ್. ಹರಿದಲ್ಲೆಲ್ಲ ಭಾವ ಗಂಟು ಹಾಕಿ ಹಾಕಿ, ಕೊನೆಗೆ ತೂತಿಗಿಂತ ಗಂಟೇ ಹೆಚ್ಚಾಗಿ, ಒಂದು ಸಂಜೆ ಕಂಬದಿಂದ ಬಿಚ್ಚುವಾಗ ಅದು ಕೈಯಲ್ಲೇ ಪುಡಿಯಾಯಿತು. ಆಮೇಲೆ ಲಾಂಡ್ರಿಯ ಬಟ್ಟೆ ಒಣಗಿಸುವ ಹಗ್ಗವನ್ನೇ ಆ ಕಂಬಗಳಿಗೆ ಕಟ್ಟಿದರು. ಚೆಂಡು ಹಗ್ಗದ ಮೇಲೆ ಹೋಯಿತೋ ಕೆಳಗೆ ನುಸುಳಿತೋ ಎಂದು ದಿನಾ ಜುಟ್ಟು ಹಿಡಿದು ಜಗಳ.

"ಗಿರಾಕಿಗಳ ಮುಂದೆ ಒಂದು ಡಬ್ಬಿ ಇಡೋಣ ಭಾವ, ನೆಟ್ಟಿಗೆ ಆಗುವಷ್ಟು ಬಂದೇ ಬರುತ್ತೆ" ಎಂದೆ.

"ಬೇಡಮ್ಮ. ವರ್ಷಾ ವರ್ಷಾ ಒಕ್ಕೂಟಕ್ಕೆ ಶುಲ್ಕ ಕಟ್ತಿಲ್ವಾ? ನಮ್ಮಂಥ ಕ್ಲಬ್ಬಿಗೆ ಸಾಮಾನು ಕೊಡೋದಕ್ಕೆ ಅಂತಲೇ ಅವರಿಗೆ ಸರ್ಕಾರದಿಂದ ಹಣ ಬರುತ್ತೆ. ಮಕ್ಕಳ ಹಕ್ಕಿಗೆ ನಾವ್ಯಾಕೆ ಡಬ್ಬಿ ಅಲ್ಲಾಡಿಸಬೇಕು?"

ಮಾತು ಸರಿಯೇ. ಅದೇ ನನಗೆ ಸಿಟ್ಟು. ಭಾವ ಸರಿಯಾಗಿ ಮಾತಾಡಿಯೇ ಕೆಡುತ್ತಾರೆ.

ಒಕ್ಕೂಟವೆಂದರೆ ವಾಲಿಬಾಲಿನ ರಾಷ್ಟ್ರೀಯ ಒಕ್ಕೂಟ, ರಾಜಧಾನಿಯಲ್ಲಿದೆ. ತಳಮಟ್ಟದ ಕ್ಲಬ್ಬುಗಳಿಗಾಗಿ ಅವರದೊಂದು ಯೋಜನೆ, ಹೆಸರು 'ಬೇರಿಗೆ ನೀರು'. ಭಾವ ಮಾತಿನಲ್ಲಿ ಜಿಪುಣರು, ಬರವಣಿಗೆಯಲ್ಲಿ ಕಡುಜಿಪುಣರು. ಅರ್ಜಿಯಲ್ಲಿ ಹೀಗೆ ಬರೆದರು: 'ನಮ್ಮ ಕ್ಲಬ್ಬಿನಲ್ಲಿ ನೆಟ್ ಇಲ್ಲ. ಮಕ್ಕಳಿಗೆ ಬಹಳ ತೊಂದರೆ. ದಯವಿಟ್ಟು ನೆಟ್ ಕೊಡಿಸಬೇಕು.'

"ವಾಲಿಬಾಲ್ ನೆಟ್ ಅಂತ ಬರೀರಿ" ಎಂದೆ.

"ವಾಲಿಬಾಲ್ ಒಕ್ಕೂಟಕ್ಕೆ ಅದನ್ನೂ ಬಿಡಿಸಿ ಹೇಳ್ಬೇಕಾ? ಚಪ್ಪಲಿ ಅಂಗಡೀಲಿ ಕಾಲಿಗೆ ಹಾಕೋ ಚಪ್ಪಲಿ ಕೊಡಿ ಅಂತ ಕೇಳ್ತೀಯಾ?" ಎಂದು ನಕ್ಕರು.

ಅವರು ಕಾದರು, ನಾವೂ ಕಾದೆವು. ಕೊನೆಗೊಂದು ಮಧ್ಯಾಹ್ನ ಫೋನಿಗೆ ಸಂದೇಶ ಬಂತು: 'ನೆಟ್ ಮಂಜೂರಾಗಿದೆ.' ಭಾವ ಅದನ್ನು ಬಟ್ಟೆ ಕೊಡಲು ಬಂದವರಿಗೆಲ್ಲ ಓದಿ ಹೇಳಿದರು. ಹುಡುಗಿಯರು ಕಂಬಗಳ ತುಕ್ಕು ಉಜ್ಜಿ ನೀಲಿ ಬಣ್ಣ ಬಳಿದರು.

ಮರುವಾರ ಒಂದು ವ್ಯಾನು ಬಂದು ನಿಂತಿತು. ಇಬ್ಬರು ಇಳಿದು, ನಮ್ಮ ಗೋಡೆಗೆ ತೂತು ಕೊರೆದು, ತಂತಿ ಎಳೆದು, ಮಿಣಮಿಣ ದೀಪದ ಬಿಳಿ ಪೆಟ್ಟಿಗೆಯೊಂದನ್ನು ಇಸ್ತ್ರಿ ಮೇಜಿನ ಮೇಲೆ ಕೂರಿಸಿದರು. "ನೆಟ್ ಬಂತು ಸಾರ್. ಪಾಸ್‌ವರ್ಡ್ ಬರ್ಕೊಳ್ಳಿ" ಎಂದರು.

ಮೊದಲು ಬಾಯಿ ಬಿಟ್ಟವಳು ಅಕ್ಕ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ರೀ, ಇದನ್ನೇ ಕಂಬಕ್ಕೆ ಕಟ್ಟಿ ಆಡಿಸಿ."

ಭಾವ ಒಕ್ಕೂಟಕ್ಕೆ ಫೋನು ಮಾಡಿದರು. ಆ ಕಡೆಯ ದನಿ ನನಗೂ ಕೇಳುತ್ತಿತ್ತು. "ನೆಟ್ ಕೇಳಿದ್ರಿ, ನೆಟ್ ಕೊಟ್ಟಿದೀವಿ. ಚೆನ್ನಾಗಿ ಬರ್ತಿದೆ ತಾನೇ?"

"ಬರ್ತಿದೆ ಸಾರ್, ಆದ್ರೆ ನಮಗೆ ಬೇಕಾಗಿದ್ದು…"

"ಬರ್ತಿದ್ರೆ ಮತ್ತೇನ್ರೀ? ಒಂದು ಕ್ಲಬ್ಬಿಗೆ ಒಂದು ಸೌಲಭ್ಯ. ಬೇರೆ ಏನಾದ್ರೂ ಬೇಕಿದ್ರೆ ಮುಂದಿನ ಸುತ್ತಲ್ಲಿ ಅರ್ಜಿ ಹಾಕಿ."

"ಆಗಲಿ ಸಾರ್. ಧನ್ಯವಾದ ಸಾರ್."

ಧನ್ಯವಾದವಂತೆ! ನಾನು ಹಣೆ ಹಣೆ ಚಚ್ಚಿಕೊಂಡೆ. ನಾನೇ ಒಂದು ನೆಟ್ ತರುತ್ತೇನೆ ಎಂದು ಹಟ ಹಿಡಿದರೆ, "ನಾವೇ ತಂದ್ಬಿಟ್ರೆ ಅವರು ಕೊಟ್ಟ ಹಾಗೇ ಆಯ್ತು, ಆಮೇಲೆ ಯಾವತ್ತೂ ಕೊಡಲ್ಲ" ಎಂದು ಇನ್ನೊಂದು ಅರ್ಜಿ ಬರೆಯಲು ಕುಳಿತರು. ಈ ಸಲ 'ವಾಲಿಬಾಲ್ ನೆಟ್' ಎಂದೇ ಬರೆದರು. ಅದು 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಈಗಲೂ ಅಲ್ಲೇ ಇದೆ.

ಇಷ್ಟಕ್ಕೆಲ್ಲ ನಾನು ಹೀಗೆ ಉರಿದುಬೀಳುತ್ತಿರಲಿಲ್ಲ. ಏಣಿ ಇಲ್ಲದಿದ್ದರೆ.

ಏಣಿ ಎಂದರೆ ಸುತ್ತಲಿನ ಕಟ್ಟಡಗಳ ಮೆಟ್ಟಿಲು ಒರೆಸುವ ಹೆಂಗಸಿನ ಮಗಳು. ಎತ್ತರ ನೋಡಿ ಮಕ್ಕಳೇ ಇಟ್ಟ ಹೆಸರು. ಅವಳು ನೆಗೆದು ಹೊಡೆದರೆ ಚೆಂಡು ನೆಲಕ್ಕೆ ಬಿದ್ದ ಸದ್ದು ಅಂಗಡಿಯೊಳಗೆ ಕೇಳುತ್ತಿತ್ತು. ವರ್ಷಕ್ಕೊಮ್ಮೆ ಒಕ್ಕೂಟ ಹುಡುಗಿಯರನ್ನು ಆರಿಸಿ ತನ್ನ ಹಾಸ್ಟೆಲಿಗೆ ಕರೆದುಕೊಳ್ಳುತ್ತದೆ. ಊಟ, ಓದು, ತರಬೇತಿ ಎಲ್ಲ ಅವರದೇ. ಏಣಿಯ ವಯಸ್ಸಿಗೆ ಇದೇ ಕೊನೆಯ ವರ್ಷ. ಇದು ತಪ್ಪಿದರೆ ಅಮ್ಮನ ಜೊತೆ ಬಕೆಟ್ಟು ಹಿಡಿಯುವುದೆಂದು ಮನೆಯಲ್ಲಿ ಮಾತಾಗಿತ್ತು.

ಹಗ್ಗದಲ್ಲಿ ಆಡಿ ಆಡಿ ಅವಳಿಗೊಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತ್ತು. ಹೊಡೆದ ಮೇಲೆ ಕೈ ಹಿಂದೆಗೆಯದೆ ಹಗ್ಗದ ಕೆಳಗಿನಿಂದ ಆಚೆಗೆ ಬೀಸಿಬಿಡುವುದು. ನೆಟ್ ಇದ್ದಿದ್ದರೆ ಕೈ ತಗಲಿ ಅಂಕ ಹೋಗುತ್ತಿತ್ತು. ಹಗ್ಗದ ಕೆಳಗೆ ಬರೀ ಗಾಳಿ.

"ಕೈ! ಕೈ!" ಎಂದು ಭಾವ ಸೀಟಿ ಊದುತ್ತಿದ್ದರು.

"ಎಲ್ಲಿ ಮುಟ್ಟಿದೆ ಸಾರ್? ಅಲ್ಲಿ ಏನೂ ಇಲ್ವಲ್ಲ!"

ಆಯ್ಕೆಯ ದಿನ ಅಂಗಡಿ ಅಕ್ಕನಿಗೆ ಬಿಟ್ಟು ನಾನೂ ಹೋದೆ. ಮರದ ನೆಲದ ದೊಡ್ಡ ಒಳಾಂಗಣ ಕ್ರೀಡಾಂಗಣ. ನಡುವೆ ಬಿಗಿದು ಕಟ್ಟಿದ ಕಪ್ಪು ನೆಟ್. ಗೋಡೆಯ ಮೇಲೆ 'ಬೇರಿಗೆ ನೀರು' ಎಂಬ ಬ್ಯಾನರು. ಏಣಿ ಹತ್ತಿರ ಹೋಗಿ ನೆಟ್ಟಿನ ಒಂದು ಕಣ್ಣಿಗೆ ಬೆರಳು ತೂರಿಸಿ ಎಳೆದು ನೋಡಿದಳು.

ಆಟ ಶುರುವಾಯಿತು. ಅವಳು ನೆಗೆದಳು, ಹೊಡೆದಳು. ಚೆಂಡು ಎದುರಿನವರ ಕಾಲಬುಡದಲ್ಲಿ ಸಿಡಿಯಿತು. ಕೈ ನೆಟ್ಟಿಗೆ ಸಿಕ್ಕಿಕೊಂಡಿತು. ಪೀಪಿ! ಮತ್ತೆ ಹಾಗೇ. ಮತ್ತೆ ಪೀಪಿ. ಆಮೇಲೆ ಹೆದರಿ ಕೈ ತಡೆದು ಹೊಡೆದಳು, ಚೆಂಡೇ ನೆಟ್ಟಿಗೆ ಬಿತ್ತು. ಅವಳು ತನ್ನ ಕೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡಳು.

ಆಯ್ಕೆ ಮಾಡುವ ಸಾಹೇಬರು ಕಾಗದ ತಿರುವಿ ಹಾಕಿ ಭಾವನನ್ನು ಕರೆದರು. "ಏನ್ರೀ, ನಿಮ್ಮ ಕ್ಲಬ್ಬಿಗೆ ನೆಟ್ ಕೊಟ್ಟಿದೀವಿ ಅಂತ ಇಲ್ಲಿದೆ. ನೆಟ್ ಇಟ್ಕೊಂಡೂ ಹುಡುಗೀಗೆ ನೆಟ್ ಮುಟ್ಟಬಾರದು ಅಂತ ಕಲಿಸಿಲ್ವಾ?"

ಭಾವ ಬಾಯಿ ತೆರೆದರು. 'ಆಗಲಿ ಸಾರ್' ಎಂದೇ ಅನ್ನುತ್ತಾರೆಂದು ನಾನು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಹಿಂದಿನಿಂದ ಏಣಿ ಹೇಳಿದಳು:

"ಸಾರ್, ನೀವು ಕೊಟ್ಟಿರೋ ನೆಟ್ ಮುಟ್ಟೋಕೇ ಆಗಲ್ಲ ಸಾರ್. ಅದು ಗಾಳೀಲಿ ಬರುತ್ತೆ."

ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಮುಂದಿನ ಹುಡುಗಿಯನ್ನು ಕೂಗಿದರು.

ಮರುದಿನ ಸಂಜೆ ಭಾವ ಹೋಟೆಲಿನವರ ಟವೆಲ್ಲುಗಳನ್ನು ಹೊತ್ತು ತಂದು ಹಗ್ಗದ ಉದ್ದಕ್ಕೂ ಕ್ಲಿಪ್ಪು ಹಾಕಿ ಇಳಿಬಿಟ್ಟರು. ಕೈ ತಗುಲಿದರೆ ಟವೆಲ್ಲು ಬೀಳುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಮುಖಕ್ಕೆ ಹೊಡೆದಂತೆ ಅಂದೇಬಿಟ್ಟೆ. ಭಾವ ಇನ್ನೊಂದು ಟವೆಲ್ಲಿಗೆ ಕ್ಲಿಪ್ಪು ಹಾಕಿದರು. ಅವರ ಕಣ್ಣು ಕೆಂಪಾಗಿತ್ತು. ಅನ್ನಬಾರದಿತ್ತು, ಆದರೂ ನನ್ನ ಸಿಟ್ಟು ಇಳಿದಿಲ್ಲ.

ಏಣಿ ಈಗ ಬೆಳಗ್ಗೆ ಅಮ್ಮನ ಜೊತೆ ಮೆಟ್ಟಿಲು ಒರೆಸುತ್ತಾಳೆ. ಸಂಜೆ ಬಂದು ಹಗ್ಗದ ಪಕ್ಕ ನಿಲ್ಲುತ್ತಾಳೆ. ಆಚೆ ಬೀದಿಯ ಹುಡುಗರು ನಮ್ಮ ಗೋಡೆಗೆ ಒರಗಿ, ನಮ್ಮದೇ ನೆಟ್ಟಿನಲ್ಲಿ, ಯಾವುದೋ ಪಂದ್ಯ ನೋಡುತ್ತಿರುತ್ತಾರೆ. ನಿನ್ನೆ ಚಿಕ್ಕವಳೊಬ್ಬಳು ನೆಗೆದು ಹೊಡೆದಳು. ಒಂದು ಟವೆಲ್ಲು ಮಣ್ಣಿಗೆ ಬಿತ್ತು.

"ಮುಟ್ಟಿದ್ನಾ ಏಣಿ ಅಕ್ಕಾ?"

ಏಣಿ ಟವೆಲ್ಲು ಕೊಡವಿ, ಮತ್ತೆ ಕ್ಲಿಪ್ಪು ಹಾಕಿದಳು.

"ಮುಟ್ಟಿದೆ. ಇನ್ನೊಂದ್ಸಲ ಹೊಡಿ. ನಿನಗಿನ್ನೂ ವಯಸ್ಸಿದೆ."