ಮಾನಪತ್ರದಲ್ಲಿ ಕಣ್ಣಿನ ಶಿಬಿರ

ಅಬುಧಾಬಿಯ ನಮ್ಮ ಕನ್ನಡ ಬಳಗದವರು ಆರು ತಿಂಗಳು ನನ್ನನ್ನು ಮೈಕಿನ ಹತ್ತಿರ ಬಿಟ್ಟಿರಲಿಲ್ಲ. ತಪ್ಪು ನನ್ನದೇ. ರಾಜ್ಯೋತ್ಸವದ ದಿನ ಅಧ್ಯಕ್ಷರು ಸ್ವಾಗತ ಭಾಷಣ ಮುಗಿಸಿ ಕೂತ ಮೇಲೆ, ನಾನು ಎದ್ದು ಅದೇ ಭಾಷಣವನ್ನು ಅವರದೇ ದನಿಯಲ್ಲಿ, ಅವರ ಕೆಮ್ಮಿನ ಸಮೇತ, ಇನ್ನೊಮ್ಮೆ ಮಾಡಿದ್ದೆ. ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ಅಧ್ಯಕ್ಷರ ಹೆಂಡತಿ ನಕ್ಕರು. ಎಡವಟ್ಟಾದದ್ದು ಅಲ್ಲೇ.

ನಾನು ಯಾರ ದನಿಯನ್ನೂ ಬಿಟ್ಟವನಲ್ಲ. ಆಫೀಸಿನ ಮ್ಯಾನೇಜರ್, ಮೆಟ್ರೋ ಬಾಗಿಲು ಮುಚ್ಚುವ ಮೊದಲು ಎಚ್ಚರಿಸುವ ಹೆಂಗಸು, ದುಬೈನ ಅಲ್ ಬರ್ಷಾದ ಫ್ಲ್ಯಾಟಿನಲ್ಲಿ ನನ್ನ ಜೊತೆಗಿರುವ ನಾಲ್ವರು, ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. ರಜೆ ಕೇಳಲು ಹೋದಾಗ ನನ್ನ ದನಿ ಬೆಕ್ಕಿನ ಮರಿಯದ್ದಾಗುತ್ತದೆ. ಅದನ್ನೂ ಮಾಡಿ ತೋರಿಸುತ್ತೇನೆ. ಆದರೆ ಆ ವರ್ಷ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದೆ. ನಮ್ಮ ಫ್ಲ್ಯಾಟಿನ ಅಡುಗೆಮನೆಯ ಮೇಲೆ ಒಂದು ಪ್ರಬಂಧ ಬರೆದಿದ್ದೆ. ಬಳಗದ ವಾರ್ಷಿಕೋತ್ಸವದಲ್ಲಿ ಅದನ್ನು ಓದಬೇಕೆಂಬುದು ಆಸೆ. ನಾಚಿಕೆ ಬಿಟ್ಟು ಅಧ್ಯಕ್ಷರ ಬಳಿ ಹತ್ತು ನಿಮಿಷದ ಅವಕಾಶ ಕೇಳಿದೆ. ಅವರು ಹುಬ್ಬಳ್ಳಿ ಕಡೆಯ ಇಂಜಿನಿಯರು.

"ಹತ್ತು ನಿಮಿಷ ಬೇಕೇನು ತಮ್ಮಾ? ಹಂಗಾರ ಮುಂದಿನ ಕಾರ್ಯಕ್ರಮದಾಗ ಅತಿಥಿ ಪರಿಚಯ ನೀನ ಮಾಡು. ಕಾಗದದಾಗ ಇದ್ದದ್ದು ಇದ್ದಂಗ ಓದು. ಒಂದ್ ಕೆಮ್ಮು ಹೆಚ್ಚಿಗಿ ಬಂತಂದ್ರ, ಖಲಾಸ್!"

ಅತಿಥಿ ಇಂಗ್ಲೆಂಡಿನವರು, ಕಾದಂಬರಿ ಮತ್ತು ಪ್ರಬಂಧ ಬರೆಯುವ ಹೆಂಗಸು. ಕೆಲವು ತಿಂಗಳು ಪಾಠ ಮಾಡಲು ಅಲ್ ಐನ್‌ನ ವಿಶ್ವವಿದ್ಯಾಲಯಕ್ಕೆ ಬಂದವರು ಮೆಟ್ಟಿಲ ಮೇಲೆ ಜಾರಿ ಬಲಗೈ ಮುರಿದುಕೊಂಡಿದ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಅವರಿಗೆ ಸಿಕ್ಕಿದವರು ನಮ್ಮ ಬಳಗದ ಕಾರ್ಯದರ್ಶಿ, ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ನಾವೆಲ್ಲ ನರ್ಸಕ್ಕ ಎನ್ನುವವರು. ಅವರೇ ನಮ್ಮ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬನ್ನಿ ಎಂದು ಕರೆದರು. ಒಂದು ಕೈ ಪ್ಲಾಸ್ಟರಿನಲ್ಲಿರುವವರು ಬೇಡ ಬೇಡ ಎಂದು ಎಷ್ಟು ಕೈ ಆಡಿಸಿಯಾರು? ಒಪ್ಪಿಕೊಂಡರು.

ಲೇಖಕಿಯ ಪುಸ್ತಕದ ಹಿಂಬದಿಯಲ್ಲಿ ಅವರ ಬಗ್ಗೆ ಇದ್ದದ್ದು ಎರಡೇ ಸಾಲು. "ಪ್ರಶಸ್ತಿ ಎಲ್ಲಿ? ಡಿಗ್ರಿ ಎಲ್ಲಿ? ಮಕ್ಕಳೆಷ್ಟು?" ಎಂದರು ಅಧ್ಯಕ್ಷರು. ಪರಿಚಯ ಒಂದು ಪುಟ ತುಂಬದಿದ್ದರೆ ನಮ್ಮಲ್ಲಿ ಅತಿಥಿಯೇ ಸಣ್ಣವರಾಗಿ ಕಾಣುತ್ತಾರೆ. ಲೇಖಕಿಯನ್ನೇ ವಿವರ ಕೇಳಿದೆ. ಟೈಪ್ ಮಾಡಲು ಕೈಯಿಲ್ಲವಲ್ಲ, ಒಂದು ಉದ್ದನೆಯ ವಾಯ್ಸ್ ಮೆಸೇಜ್ ಬಂತು.

ಮೀನು ಕರಿದು ಮಾರುವ ಅಂಗಡಿಯ ಮೇಲಿನ ಮನೆಯಲ್ಲಿ ಹುಟ್ಟಿದ್ದು. ಅಪ್ಪ ಬಸ್ ಡ್ರೈವರ್. ಹನ್ನೊಂದು ವರ್ಷ ಒಬ್ಬ ಹಲ್ಲಿನ ಡಾಕ್ಟರ ಬಳಿ ಫೋನ್ ಎತ್ತುವ ಕೆಲಸ. ಆ ಹನ್ನೊಂದು ವರ್ಷದಲ್ಲಿ ಬರೆದ ಮೂರು ಕಾದಂಬರಿಗಳು ಯಾರಿಗೂ ಬೇಡವಾದವು. ಸುಮ್ಮನಿರಲಾರದೆ, ಕೆನ್ನೆಗೆ ಕೈಯೊತ್ತಿಕೊಂಡು ಸರದಿ ಕಾಯುವ ರೋಗಿಗಳ ಮೇಲೆ ಒಂದು ಪ್ರಬಂಧ ಬರೆದರಂತೆ. ಒಂದು ಸಣ್ಣ ಪತ್ರಿಕೆ ಹಾಕಿಕೊಂಡಿತು. ಆ ಧೈರ್ಯದಲ್ಲಿ ನಾಲ್ಕನೆಯ ಕಾದಂಬರಿ. ಅದೇ ಮೊದಲ ಪುಸ್ತಕ. ಆಮೇಲಿನದ್ದೆಲ್ಲ ಅರ್ಧ ನಿಮಿಷದಲ್ಲಿ ಮುಗಿಸಿದ್ದರು. "ಒಂದು ಪ್ರಶಸ್ತಿಯೂ ಬಂದಿದೆ. ಜಾಗ ಉಳಿದರೆ ಹೇಳಿ."

ಅಧ್ಯಕ್ಷರಿಗೆ ಗಾಬರಿಯಾಯಿತು. "ದವಾಖಾನ್ಯಾಗ ಫೋನ್ ಎತ್ತಿದ್ದೆಲ್ಲಾ ಸ್ಟೇಜ್ ಮ್ಯಾಲೆ ಹೇಳ್ತಾರೇನೋ? ಹ್ವಾದ ವರ್ಷದ ಮಾನಪತ್ರದ ಫೈಲ್ ಐತಲ್ಲ, ಅದರಾಗ ಹೆಸರು ಬದಲಿ ಮಾಡಿ ಫ್ರೇಮ್ ಹಾಕಸು."

ನಮ್ಮ ಬಳಗದಲ್ಲಿ ಮಾನಪತ್ರದ ಫೈಲ್ ಇರುವುದೇ ಒಂದು. ಅತಿಥಿ ಬದಲಾಗುತ್ತಾರೆ, ಹೊಗಳಿಕೆ ಬದಲಾಗುವುದಿಲ್ಲ. ಹೋದ ವರ್ಷದವರು ಕಣ್ಣಿನ ಡಾಕ್ಟರು. ನಾನು ಶ್ರದ್ಧೆಯಿಂದ 'ವೈದ್ಯರು' ಇದ್ದಲ್ಲೆಲ್ಲ 'ಲೇಖಕಿ' ಎಂದು ತಿದ್ದಿ, ಉಳಿದದ್ದನ್ನು ಓದಿಯೂ ನೋಡದೆ ಪ್ರಿಂಟಿಗೆ ಕೊಟ್ಟೆ.

ಭಾನುವಾರ ಸಂಜೆ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಹೋಟೆಲಿನ ಮೇಲಿನ ಹಾಲ್. ಲೇಖಕಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಒಂದೇ ಕೈಯಿದ್ದವರಿಗೆ ಎರಡು ಕೈಯ ಹಣ್ಣಿನ ಬುಟ್ಟಿ ಕೊಟ್ಟಾಯಿತು. ನಾನು ಫ್ರೇಮ್ ಹಿಡಿದು, ಕೆಮ್ಮದೆ, ವಾರ್ತೆ ಓದುವವರ ಗಾಂಭೀರ್ಯದಲ್ಲಿ ಶುರು ಮಾಡಿದೆ.

"...ಹೆಮ್ಮೆಯ ಲೇಖಕಿಯಾದ ತಾವು ಊರೂರುಗಳಲ್ಲಿ ಉಚಿತ ಕಣ್ಣಿನ ಶಿಬಿರಗಳನ್ನು ನಡೆಸಿ, ಬಡ ರೋಗಿಗಳಿಗೆ ಕನ್ನಡಕ ಹಂಚಿ..."

ನಗು ಹಿಂದಿನ ಸಾಲಿನಿಂದ ಹೊರಟು ಮುಂದಿನ ಸಾಲಿಗೆ ಬಂತು. ಅಧ್ಯಕ್ಷರ ಕುತ್ತಿಗೆ ಕೆಂಪಾಯಿತು. ನರ್ಸಕ್ಕ ಹಿಂದಿನಿಂದ ನನ್ನ ಅಂಗಿ ಜಗ್ಗಿದರು.

"ನಿನಗೆ ಎಂತ ಮರ್ಲಾ ಮಾರಾಯ? ಪಾಪ, ಅವರಿಗೆ ಕನ್ನಡ ಬರುವುದಿಲ್ಲ ಅಂತ ಹೀಗೆ ತಮಾಷೆ ಮಾಡುವುದಾ?"

"ಅಕ್ಕಾ, ದೇವರಾಣೆ ಬೇಕಂತ ಮಾಡಿದ್ದಲ್ಲ!"

ಅದೂ ಮೈಕಿನಲ್ಲಿ ಹೋಯಿತು. ಜನ ಇನ್ನೂ ಜೋರಾಗಿ ನಕ್ಕರು. ಜೀವಮಾನದಲ್ಲಿ ಒಮ್ಮೆ ನಿರಪರಾಧಿಯಾಗಿದ್ದೆ, ನಂಬಲು ಒಬ್ಬರೂ ಇರಲಿಲ್ಲ.

ನನ್ನ ಹತ್ತು ನಿಮಿಷ ಹೋಯಿತೆಂದು ಗೊತ್ತಾಯಿತು. ಹೋದ ಮೇಲೆ ಇನ್ನೇನು? ಫ್ರೇಮನ್ನು ಮೇಜಿನ ಮೇಲೆ ಮಗುಚಿಟ್ಟೆ. "ಇದು ಹೋದ ವರ್ಷದ್ದು, ತಪ್ಪು ನನ್ನದು. ಇವರದ್ದು ಬೇರೆ ಇದೆ" ಎಂದು, ವಾಯ್ಸ್ ಮೆಸೇಜಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳತೊಡಗಿದೆ. ಎರಡನೆಯ ವಾಕ್ಯಕ್ಕೆ ದನಿ ತಾನಾಗಿಯೇ ಅವರದ್ದಾಯಿತು. ಮೂಗಿನಿಂದ ಹೊರಡುವ ಆ ರಾಗ, ಪ್ರತಿ ಸೋಲಿನ ಕೊನೆಗೊಂದು ಸಣ್ಣ 'ಹ್ಞೂಂ'. ಬೆರಳು ಮಡಚಿ ಕಾದಂಬರಿ ಒಂದು, ಎರಡು, ಮೂರು ಎಂದೆ. ಲೇಖಕಿ ಪೇಟ ಸರಿಮಾಡಿಕೊಂಡು ನೆಟ್ಟಗೆ ಕೂತರು. ಫೋನ್ ಎತ್ತಿದ ಹನ್ನೊಂದು ವರ್ಷಕ್ಕೆ ಬಂದಾಗ ನಗು ನಿಂತಿತ್ತು, ಜನ ಕೇಳುತ್ತಿದ್ದರು. ಕೊನೆಗೆ ಚಪ್ಪಾಳೆಯನ್ನು ಶುರು ಮಾಡಿದವರು ಅಧ್ಯಕ್ಷರ ಹೆಂಡತಿಯೇ.

ಚಹಾದ ಹೊತ್ತಿಗೆ ಲೇಖಕಿ ನನ್ನನ್ನು ಕರೆದು ಇಂಗ್ಲಿಷಿನಲ್ಲಿ ಕೇಳಿದರು.

"ಅದು ನಾನೇ ಅಲ್ಲವೆ?"

"ಸಾರಿ ಮೇಡಂ."

"ಸಾರಿ ಬೇಡ. ಆದರೆ ಮೂರನೆಯ ಬೆರಳಿನ ಹತ್ತಿರ ನೀನು ಓಡಿಬಿಟ್ಟೆ. ನಾನು ಅಲ್ಲಿ ನಿಂತಿದ್ದೆ."

ನಿಜ. ಅವರ ಮೆಸೇಜಿನಲ್ಲಿ ಅಲ್ಲೊಂದು ಮೌನವಿತ್ತು. ನೆಟ್‌ವರ್ಕ್ ಕೈಕೊಟ್ಟು ರೆಕಾರ್ಡಿಂಗ್ ಕೆಟ್ಟಿರಬೇಕೆಂದು ಬಿಟ್ಟಿದ್ದೆ.

"ಮೂರನೆಯದನ್ನು ಅಪ್ಪ ಓದಿದ್ದರು," ಎಂದರು ಲೇಖಕಿ. "ಅವರೊಬ್ಬರೇ ಓದಿದ್ದು."

ಅಷ್ಟರಲ್ಲಿ ಅಧ್ಯಕ್ಷರು ಮಿರ್ಚಿ ಭಜಿಯ ತಟ್ಟೆ ಹಿಡಿದು ಬಂದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಆ ಫೈಲ್ ತಗೊ ಅಂದಾವ ನಾನ ಅಲ್ಲ? ಅದಕ್ಕ ನಿನಗ ಐದು ನಿಮಿಷ. ಬರದದ್ದು ಮೊದಲ ನನಗ ಕಳಸು. ಅದರಾಗ ಕಣ್ಣಿನ ಶಿಬಿರ ಇರಬಾರದು."

ಮರುದಿನ ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ನನ್ನ ಪ್ರಬಂಧ ತೆರೆದೆ. ಪುಟದ ತುಂಬ ನಗುವೇ. ನಡುವೆ ಅರ್ಧ ಸಾಲು ಮಾತ್ರ ಒಬ್ಬ ರೂಮ್‌ಮೇಟನ ಬಗ್ಗೆ. ವೀಸಾ ಕ್ಯಾನ್ಸಲ್ ಆಗಿ ಅವನು ಊರಿಗೆ ಹೊರಟ ದಿನ, ನಗಿಸೋಣವೆಂದು ಅಡುಗೆಮನೆಯಲ್ಲಿ ಅವನ ದನಿಯನ್ನೇ ಮಾಡಿದ್ದೆ. ಅವನು ನಗಲಿಲ್ಲ. ತೊಳೆದಿಟ್ಟ ತಟ್ಟೆಯನ್ನು ತೆಗೆದು ಇನ್ನೊಮ್ಮೆ ತೊಳೆದ. ಬರೆಯುವಾಗ ನಾನು ಅಲ್ಲಿಂದಲೂ ಓಡಿದ್ದೆ. ಈ ಸಲ ಓಡಲಿಲ್ಲ. ಆ ಅರ್ಧ ಸಾಲು ಒಂದು ಪುಟವಾಗುವಷ್ಟರಲ್ಲಿ ನಾನು ಇಳಿಯಬೇಕಾದ ಸ್ಟೇಷನ್ ದಾಟಿ ಮೆಟ್ರೋ ಎರಡು ಸ್ಟೇಷನ್ ಮುಂದೆ ಹೋಗಿತ್ತು.

ಆ ವಾರವೇ ಅಧ್ಯಕ್ಷರಿಗೆ ಕಳಿಸಿದೆ. ಅವರು ಒಮ್ಮೆ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬಂದದ್ದೂ ಅದರಲ್ಲಿತ್ತು, ಕೆಮ್ಮಿನ ಸಮೇತ. ಮೂರನೆಯ ದಿನ ಉತ್ತರ ಬಂತು.

"ಇದು ಐದು ನಿಮಿಷದಾಗ ಮುಗಿಯೂದಿಲ್ಲ. ಹತ್ತು ತಗೊ. ತಟ್ಟೆ ತೊಳಿಯೂದು ಸಾವಕಾಶ ಓದು. ಕೆಮ್ಮು ಇರ್ಲಿ."